ಲೈನ್ ಕ್ಲಿಯರ್ ಕೊಟ್ಟವರು ಯಾರು?

ಹುಬ್ಬಳ್ಳಿಯ ಕೇಶ್ವಾಪುರ ಸರ್ಕಲ್ಲಿನ ಸುತ್ತಮುತ್ತ ಇರುವ ಯಾವುದಾದರೂ ಮೊಬೈಲ್ ಅಂಗಡಿಯ ಮುಂದೆ ಸಂಜೆ ಹೊತ್ತು ಸ್ವಲ್ಪ ನಿಂತು ನೋಡಿ. ಹೊಸ ಫೋನು ಕೊಳ್ಳಲು ಬಂದವರಲ್ಲಿ ತಲೆ ನರೆತವರೂ ಇರುತ್ತಾರೆ. ದುಡ್ಡು ಎಣಿಸಿ ಕೊಟ್ಟ ಮೇಲೆ ಅವರು ಫೋನನ್ನು ಕೈಗೆ ತೆಗೆದುಕೊಳ್ಳುವುದಿಲ್ಲ, ಕೌಂಟರಿನ ಆಚೆ ನಿಂತ ಹುಡುಗನ ಕೈಯಲ್ಲೇ ಬಿಡುತ್ತಾರೆ. 'ಎಲ್ಲಾ ಹಾಕಿ ಕೊಟ್ಟುಬಿಡಪಾ' ಎನ್ನುತ್ತಾರೆ. ಹುಡುಗ ಡಬ್ಬಿ ಬಿಚ್ಚಿ, ಸಿಮ್ ಕೂರಿಸಿ, ಇನ್ನೊಬ್ಬ ಗಿರಾಕಿಗೆ ಚಾರ್ಜರಿನ ರೇಟು ಹೇಳುತ್ತಲೇ ಹೆಬ್ಬೆರಳಿನಿಂದ ಪರದೆಯ ಕೆಳಗಿನ ಗುಂಡಿಯನ್ನು ಒತ್ತುತ್ತ ಹೋಗುತ್ತಾನೆ. ಭಾಷೆ ಇಂಗ್ಲಿಷ್, ನೆಕ್ಸ್ಟ್. ಷರತ್ತುಗಳಿಗೆ ಒಪ್ಪಿಗೆ, ನೆಕ್ಸ್ಟ್. ಲೊಕೇಶನ್ ಬಳಸಲು ಒಪ್ಪಿಗೆ, ಸುತ್ತಲಿನ ವೈಫೈ ಹುಡುಕಲು ಒಪ್ಪಿಗೆ, ಬಳಕೆಯ ವಿವರ ಕಂಪನಿಗೆ ಕಳಿಸಲು ಒಪ್ಪಿಗೆ. ಎಲ್ಲವೂ ಮೊದಲೇ ಆನ್ ಆಗಿರುತ್ತವೆ. ಅಷ್ಟು ಹೊತ್ತೂ ಗಿರಾಕಿ ರಸ್ತೆಯ ಕಡೆ ನೋಡುತ್ತ ನಿಂತಿರುತ್ತಾರೆ.

ಆ ಹುಡುಗನನ್ನು ದೂರಿ ಉಪಯೋಗವಿಲ್ಲ. ಹಳೆಯ ಫೋನಿನ ವಾಟ್ಸ್‌ಆ್ಯಪ್ ಹೊಸದಕ್ಕೆ ಬರಬೇಕು, ಮೊಮ್ಮಕ್ಕಳ ಫೋಟೋ ಬರಬೇಕು, ಪುಣೆಯಿಂದಲೋ ಬೆಂಗಳೂರಿನಿಂದಲೋ ಮಗ ವಿಡಿಯೋ ಕಾಲ್ ಮಾಡಿದರೆ ಮುಖ ಕಾಣಬೇಕು. ಅವನಿಗೆ ವಹಿಸಿದ ಕೆಲಸ ಅಷ್ಟು, ಅದನ್ನು ಚೊಕ್ಕಾಗಿ ಮಾಡಿ ಕೊಡುತ್ತಾನೆ. ಆದರೆ ಆ ಫೋನು ಬಾಳುವಷ್ಟು ಕಾಲ, ಅದರ ಒಡೆಯರು ಎಲ್ಲಿ ಹೋದರು, ಎಷ್ಟು ಹೊತ್ತು ನಿಂತರು, ಏನು ಹುಡುಕಿದರು ಎಂಬ ಲೆಕ್ಕ ಹಿನ್ನೆಲೆಯಲ್ಲಿ ಹೋಗುತ್ತಲೇ ಇರುತ್ತದೆ. ಯಾವುದಕ್ಕೂ ಅವರು ಸ್ವತಃ ಹೂಂ ಅಂದಿರುವುದಿಲ್ಲ. ಬೇಡದ ಸೇವೆಗಳನ್ನು ಆಫ್ ಮಾಡುವುದು ಹೇಗೆ ಎಂದು ಕೇಳುವ ಮೊದಲು, ಇವನ್ನು ಆನ್ ಮಾಡಿದವರು ಯಾರು ಎಂದು ಕೇಳಬೇಕು ಎನ್ನುವುದು ನನ್ನ ವಾದ.

ಈ ಪ್ರಶ್ನೆಯನ್ನು ನನಗಿಂತ ಚೆನ್ನಾಗಿ ಕೇಳಿದವರು ನಮ್ಮ ಓಣಿಯ ಹಿರಿಯರೊಬ್ಬರು. ಕೇಶ್ವಾಪುರದಲ್ಲಿ ರೈಲ್ವೆಯಲ್ಲಿ ದುಡಿದು ನಿವೃತ್ತರಾದವರು ಬಹಳ. 2003ರಲ್ಲಿ ನೈಋತ್ಯ ರೈಲ್ವೆ ವಲಯ ಹುಟ್ಟಿ ಹುಬ್ಬಳ್ಳಿಯೇ ಅದರ ಕೇಂದ್ರವಾಗುವುದಕ್ಕೂ ಎಷ್ಟೋ ಮೊದಲಿನಿಂದ ಇಲ್ಲಿಯ ಮನೆಗಳಿಗೂ ರೈಲಿಗೂ ನಂಟು. ಈ ಕಾಕಾ ಸ್ಟೇಶನ್ ಮಾಸ್ಟರ್ ಆಗಿದ್ದವರು. 'ಬ್ಯಾಟ್ರಿ ಭಾಳ ಲಗೂ ಇಳೀತೈತಿ, ನೋಡು ತಮ್ಮಾ' ಎಂದು ಫೋನು ಕೊಟ್ಟಿದ್ದರು. ಬ್ಯಾಟರಿ ನೋಡುವ ನೆಪದಲ್ಲಿ ಪ್ರೈವಸಿ ಡ್ಯಾಶ್‌ಬೋರ್ಡ್ ತೆರೆದೆ. 2021ರ ಆಂಡ್ರಾಯ್ಡ್ 12ರಿಂದ ಈಚೆಗೆ ಬಂದ ಬಹುತೇಕ ಫೋನುಗಳಲ್ಲಿ ಇದು ಇರುತ್ತದೆ. ಕಳೆದ 24 ತಾಸಿನಲ್ಲಿ ಲೊಕೇಶನ್, ಕ್ಯಾಮೆರಾ, ಮೈಕು ಇವನ್ನು ಯಾವ ಆ್ಯಪ್ ಎಷ್ಟು ಗಂಟೆಗೆ ಮುಟ್ಟಿತು ಎಂಬುದನ್ನು ಸಾಲಾಗಿ ತೋರಿಸುತ್ತದೆ.

ಸಾಲು ಉದ್ದವಿತ್ತು. ಫೋನಿನ ಜೊತೆಗೇ ಬಂದಿದ್ದ ಹವಾಮಾನದ ಆ್ಯಪ್, ಒಮ್ಮೆ ಹಬ್ಬಕ್ಕೆ ಮಿಕ್ಸರ್ ತರಿಸಿದ್ದ ಶಾಪಿಂಗ್ ಆ್ಯಪ್, ಆಮೇಲೆ ಒಂದು ಪಂಚಾಂಗದ ಆ್ಯಪ್. ರಾತ್ರಿ ಎಲ್ಲರೂ ಮಲಗಿದ್ದ ಹೊತ್ತಿನಲ್ಲೂ ಶಾಪಿಂಗ್ ಆ್ಯಪ್ ಅವರಿದ್ದ ಜಾಗ ಕೇಳಿತ್ತು. ಪಂಚಾಂಗಕ್ಕೆ ಊರು ಗೊತ್ತಿರಬೇಕು, ನಿಜ. ಸೂರ್ಯೋದಯವೂ ರಾಹುಕಾಲವೂ ಊರಿನಿಂದ ಊರಿಗೆ ಬದಲಾಗುತ್ತವೆ. ಹುಬ್ಬಳ್ಳಿ ಎಂದು ಒಮ್ಮೆ ತಿಳಿದರೆ ಸಾಕು ಅದಕ್ಕೆ. ಆದರೂ ಅದು 'ಸದಾಕಾಲ' ಎಂಬ ಅನುಮತಿ ಪಡೆದು ಕೂತಿತ್ತು. ಕಾಕಾ ಕನ್ನಡಕ ಏರಿಸಿಕೊಂಡು ಒಂದೊಂದೇ ಸಾಲನ್ನು ಓದಿದರು. ಆಮೇಲೆ ಅಂದರು: 'ಮುಂದಿನ ಸ್ಟೇಶನ್ನಿಂದ ಲೈನ್ ಕ್ಲಿಯರ್ ಬರೂತನಕ ನಾವು ಒಂದ್ ಗಾಡಿ ಬಿಡ್ತಿದ್ದಿಲ್ಲಪಾ. ಪ್ರೈವೇಟ್ ನಂಬರ್ ತಗೊಂಡು ರಜಿಸ್ಟರಿನ್ಯಾಗ ಬರದು, ಆಮ್ಯಾಲೇ ಸಿಗ್ನಲ್. ಇವಕ್ಕೆಲ್ಲಾ ಲೈನ್ ಕ್ಲಿಯರ್ ಕೊಟ್ಟವ್ರ್ಯಾರು? ನಾ ಅಂತೂ ಕೊಟ್ಟಿಲ್ಲ.'

ಅವರು ಕೊಟ್ಟಿರಲಿಲ್ಲ. ಅಂಗಡಿಯವನು ಕೊಟ್ಟಿದ್ದ, ಉಳಿದದ್ದನ್ನು ರಜೆಗೆ ಬಂದ ಮೊಮ್ಮಗ ಕೊಟ್ಟಿದ್ದ.

ಇಷ್ಟಕ್ಕೂ ಒಬ್ಬ ನಿವೃತ್ತ ಸ್ಟೇಶನ್ ಮಾಸ್ಟರ್ ಎಲ್ಲಿ ಓಡಾಡಿದರೆ ಯಾರಿಗೇನು ಎಂದು ಕೇಳುವವರಿದ್ದಾರೆ. ಒಂದು ದಿನದ ಓಡಾಟದಿಂದ ಏನೂ ತಿಳಿಯುವುದಿಲ್ಲ. ಒಂದು ವರ್ಷದ್ದು ಸಿಕ್ಕರೆ ಮನುಷ್ಯನನ್ನೇ ಓದಬಹುದು. ಸೋಮವಾರ ಸಿದ್ಧಾರೂಢ ಮಠ, ತಿಂಗಳಿಗೊಮ್ಮೆ ನವನಗರದ ಕ್ಯಾನ್ಸರ್ ಆಸ್ಪತ್ರೆ, ವಾರಕ್ಕೆರಡು ಸಲ ಒಬ್ಬ ವಕೀಲರ ಆಫೀಸು, ರಾತ್ರಿ ಯಾವ ಮನೆಯಲ್ಲಿ ನಿದ್ದೆ. ಹೆಸರು ಬೇಕಾಗುವುದೇ ಇಲ್ಲ. ಭಕ್ತಿ, ಕಾಯಿಲೆ, ಆಸ್ತಿ ತಕರಾರು ಮೂರೂ ಆ ಚುಕ್ಕೆಗಳಲ್ಲಿಯೇ ಇವೆ. ಹೆಂಡತಿಗೂ ಹೇಳದೆ ಆಸ್ಪತ್ರೆಗೆ ಹೋಗಿ ಬಂದ ವಿಷಯ ಜಾಹೀರಾತಿನವರಿಗೆ ಮೊದಲು ತಿಳಿಯುವುದು ಸಣ್ಣ ಮಾತು ಎಂದು ನನಗೆ ಅನಿಸುವುದಿಲ್ಲ.

ಇದು ನಡೆಯುವ ಬಗೆ ಹೀಗೆ. ಪ್ರತಿ ಫೋನಿಗೂ ಒಂದು ಜಾಹೀರಾತು ಗುರುತಿನ ಸಂಖ್ಯೆ ಇರುತ್ತದೆ, ಅಡ್ವರ್ಟೈಸಿಂಗ್ ಐಡಿ ಎನ್ನುತ್ತಾರೆ. ಉಚಿತ ಆ್ಯಪ್ ಮಾಡುವವರು ಅದರ ಎಲ್ಲ ಭಾಗವನ್ನೂ ತಾವೇ ಬರೆದಿರುವುದಿಲ್ಲ. ಜಾಹೀರಾತು ಕಂಪನಿಗಳು ಸಿದ್ಧವಾಗಿ ಕೊಡುವ ತುಣುಕುಗಳನ್ನು ಒಳಗೆ ಜೋಡಿಸಿರುತ್ತಾರೆ. ಒಂದೇ ಕಂಪನಿಯ ತುಣುಕು ನಿಮ್ಮ ಆಟದ ಆ್ಯಪಿನಲ್ಲೂ ಪಂಚಾಂಗದಲ್ಲೂ ಅಡುಗೆಯ ಆ್ಯಪಿನಲ್ಲೂ ಇರಬಹುದು. ಮೂರೂ ಕಡೆಯಿಂದ ಬಂದ ಮಾಹಿತಿಯನ್ನು ಆ ಒಂದು ಸಂಖ್ಯೆಯ ಕೆಳಗೆ ಕೂಡಿಸಿದರೆ ನಿಮ್ಮ ಚಿತ್ರ ಸಿದ್ಧ. ನೀವು ಆ್ಯಪ್ ತೆರೆದಾಗ ಮೂಲೆಯಲ್ಲಿ ಮೂಡುವ ಜಾಹೀರಾತಿನ ಜಾಗ ಕಣ್ಣು ಮಿಟುಕಿಸುವುದರೊಳಗೆ ಹರಾಜಾಗುತ್ತದೆ, ಆ ಹರಾಜಿನಲ್ಲಿ ಕೂಗುವವರಿಗೆಲ್ಲ ನಿಮ್ಮ ಬಗೆಗಿನ ವಿವರ ಹೋಗುತ್ತದೆ. ಯಾವ ಆ್ಯಪಿನಲ್ಲಿ ಇಂಥ ಎಷ್ಟು ತುಣುಕುಗಳಿವೆ ಎಂದು ತಿಳಿಯಬೇಕೆನ್ನುವವರಿಗೆ ಫ್ರಾನ್ಸಿನ ಎಕ್ಸೋಡಸ್ ಪ್ರೈವಸಿ ಎಂಬ ಲಾಭರಹಿತ ಸಂಸ್ಥೆ ಆಂಡ್ರಾಯ್ಡ್ ಆ್ಯಪ್‌ಗಳನ್ನು ಪರೀಕ್ಷಿಸಿ ಪಟ್ಟಿ ಕೊಡುತ್ತದೆ. ಉಚಿತವಾಗಿಯೇ ನೋಡಬಹುದು.

'ಹಾಗಾದರೆ ಲೊಕೇಶನ್ ಬೇಡ ಅಂದರಾಯಿತು' ಎನ್ನುವಿರಾದರೆ, ನಮ್ಮ ರಾಜ್ಯಕ್ಕೇ ಸೇರಿದ ಒಂದು ಪ್ರಕರಣ ಕೇಳಬೇಕು. ಇನ್‌ಮೊಬಿ ಎಂಬ ಮೊಬೈಲ್ ಜಾಹೀರಾತು ಕಂಪನಿ ಬೆಂಗಳೂರಿನಲ್ಲಿ ಬೆಳೆದದ್ದು. ಸಿಂಗಪುರದಲ್ಲೂ ಅದರ ನೆಲೆ ಇದೆ. ಭಾರತದ ಹೊಸ ಉದ್ಯಮಗಳ ಯಶಸ್ಸಿನ ಕಥೆಗಳಲ್ಲಿ ಅದರ ಹೆಸರು ತಪ್ಪದೆ ಬರುತ್ತದೆ. 2016ರ ಜೂನ್‌ನಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಈ ಕಂಪನಿಯ ಮೇಲೆ ಹೊರಿಸಿದ ಆರೋಪವನ್ನು ಓದಿದರೆ ಬೆರಗಾಗುತ್ತದೆ. ಲೊಕೇಶನ್ ಕೊಡುವುದಿಲ್ಲ ಎಂದು ಸ್ಪಷ್ಟವಾಗಿ ಹೇಳಿದವರ ಜಾಗವನ್ನೂ ಅದು ಪತ್ತೆ ಮಾಡುತ್ತಿತ್ತು, ಹೀಗೆ ಕೋಟ್ಯಂತರ ಜನರನ್ನು, ಮಕ್ಕಳನ್ನೂ ಸೇರಿಸಿ, ಹಿಂಬಾಲಿಸಿತ್ತು ಎಂಬುದು ಆರೋಪ.

ಹೇಗೆ ಸಾಧ್ಯವಾಯಿತು? ನಿಮ್ಮ ಮನೆಯ ವೈಫೈ ಪೆಟ್ಟಿಗೆಗೆ ತನ್ನದೇ ಒಂದು ಗುರುತಿನ ಸಂಖ್ಯೆ ಇದೆ. ಅದು ಗೋಡೆ ದಾಟಿ ಓಣಿಯ ತುದಿಯವರೆಗೂ ಆ ಸಂಖ್ಯೆಯನ್ನು ಸಾರುತ್ತಲೇ ಇರುತ್ತದೆ. ಪಕ್ಕದ ಮನೆಯವರ ಫೋನಿನಲ್ಲಿ ಲೊಕೇಶನ್‌ಗೆ ಒಪ್ಪಿಗೆ ಇದೆ ಎನ್ನೋಣ. ಆ ಫೋನು ತಾನಿರುವ ಜಾಗವನ್ನೂ, ಆ ಜಾಗದಲ್ಲಿ ಕೇಳಿಸಿದ ವೈಫೈಗಳ ಸಂಖ್ಯೆಗಳನ್ನೂ ಒಟ್ಟಿಗೆ ಕಳಿಸುತ್ತದೆ. ಹೀಗೆ ಒಪ್ಪಿದವರ ಫೋನುಗಳಿಂದ ಯಾವ ವೈಫೈ ಎಲ್ಲಿದೆ ಎಂಬ ನಕ್ಷೆ ತಯಾರಾಗುತ್ತದೆ. ಈಗ ಒಪ್ಪದ ನಿಮ್ಮ ಫೋನು ಅದೇ ವೈಫೈಗಳ ಹತ್ತಿರ ಬಂದರೆ, ಲೊಕೇಶನ್ ಕೇಳುವ ಅಗತ್ಯವೇ ಇಲ್ಲ, ನಕ್ಷೆ ನೋಡಿದರೆ ಮುಗಿಯಿತು. ಅಂದರೆ ಪಕ್ಕದ ಮನೆಯವರ 'ಹೌದು' ನಿಮ್ಮ 'ಬೇಡ'ವನ್ನು ಅಳಿಸಿಹಾಕಿತು. ಕಂಪನಿ ರಾಜಿಗೆ ಒಪ್ಪಿ 9.5 ಲಕ್ಷ ಡಾಲರ್ ದಂಡ ಕಟ್ಟಿತು, ಒಪ್ಪಿಗೆಯಿಲ್ಲದೆ ಸಂಗ್ರಹಿಸಿದ ಮಾಹಿತಿಯನ್ನು ಅಳಿಸಬೇಕಾಯಿತು, ಮುಂದಿನ 20 ವರ್ಷ ಎರಡು ವರ್ಷಕ್ಕೊಮ್ಮೆ ಹೊರಗಿನವರಿಂದ ತಪಾಸಣೆ ಮಾಡಿಸಿಕೊಳ್ಳುವ ಷರತ್ತಿಗೆ ಒಳಗಾಯಿತು. ಆ ಬಳಿಕ ಆಂಡ್ರಾಯ್ಡ್‌ನಲ್ಲಿ ನಿಯಮ ಬಿಗಿಯಾಗಿದೆ, ಲೊಕೇಶನ್ ಅನುಮತಿ ಇಲ್ಲದ ಆ್ಯಪಿಗೆ ವೈಫೈ ವಿವರ ಮೊದಲಿನಂತೆ ಸಿಗುವುದಿಲ್ಲ. ಆದರೂ ನಾನು ಈ ಪ್ರಕರಣವನ್ನು ಮತ್ತೆ ಮತ್ತೆ ನೆನೆಯುತ್ತೇನೆ. ಗುಟ್ಟು ಕಾಯುವುದು ಒಬ್ಬೊಬ್ಬರ ಖಾಸಗಿ ಚಟವಲ್ಲ, ಓಣಿಯವರೆಲ್ಲ ಸೇರಿ ಕಾಯಬೇಕಾದ ವಿಷಯ ಎಂದು ಇದರಷ್ಟು ಸ್ಪಷ್ಟವಾಗಿ ತೋರಿಸುವ ಇನ್ನೊಂದು ಉದಾಹರಣೆ ನನಗೆ ಗೊತ್ತಿಲ್ಲ.

ದೊಡ್ಡವರ ಕಥೆಯೂ ಬೇರೆಯಲ್ಲ. ಲೊಕೇಶನ್ ಹಿಸ್ಟರಿ ಆಫ್ ಮಾಡಿದ ಮೇಲೂ ಗೂಗಲ್ ಜಾಗಗಳನ್ನು ಬರೆದಿಟ್ಟುಕೊಳ್ಳುತ್ತಿದೆ ಎಂದು ಅಸೋಸಿಯೇಟೆಡ್ ಪ್ರೆಸ್ 2018ರ ಆಗಸ್ಟ್‌ನಲ್ಲಿ ಬಯಲಿಗೆಳೆಯಿತು. 'ವೆಬ್ ಆ್ಯಂಡ್ ಆ್ಯಪ್ ಆ್ಯಕ್ಟಿವಿಟಿ' ಎಂಬ, ಹೆಸರಿನಲ್ಲಿ ಲೊಕೇಶನ್ ಎಂಬ ಮಾತೇ ಇಲ್ಲದ ಇನ್ನೊಂದು ಸ್ವಿಚ್ ಆನ್ ಆಗಿಯೇ ಉಳಿದಿರುತ್ತಿತ್ತು. 2022ರ ನವೆಂಬರ್‌ನಲ್ಲಿ ಅಮೆರಿಕದ 40 ರಾಜ್ಯಗಳಿಗೆ 39.15 ಕೋಟಿ ಡಾಲರ್ ಕೊಟ್ಟು ಗೂಗಲ್ ಆ ವ್ಯಾಜ್ಯ ಮುಗಿಸಿಕೊಂಡಿತು. ನಮ್ಮಲ್ಲಿ 2023ರ ಜೂನ್‌ನಲ್ಲಿ ರಿಯಲ್‌ಮಿ ಫೋನಿನ 'ಎನ್‌ಹ್ಯಾನ್ಸ್ಡ್ ಇಂಟೆಲಿಜೆಂಟ್ ಸರ್ವಿಸಸ್' ದೊಡ್ಡ ಸುದ್ದಿಯಾಯಿತು. ಸೆಟ್ಟಿಂಗ್ಸ್‌ನ ಒಳಗಿನ ಒಳಗೆ, ಮೊದಲೇ ಆನ್ ಆಗಿದ್ದ ಆ ಸ್ವಿಚ್ಚಿನ ವಿವರಣೆಯಲ್ಲಿ ಫೋನಿನ ಬಳಕೆ, ಲೊಕೇಶನ್, ಕ್ಯಾಲೆಂಡರ್, ಓದದ ಎಸ್ಸೆಮ್ಮೆಸ್ಸು, ತಪ್ಪಿದ ಕರೆ ಎಲ್ಲದರ ಪ್ರಸ್ತಾಪವಿತ್ತು. ಆಗಿನ ಕೇಂದ್ರ ಸಚಿವ ರಾಜೀವ್ ಚಂದ್ರಶೇಖರ್ ಇದನ್ನು ಪರಿಶೀಲಿಸುವುದಾಗಿ ಹೇಳಿದ್ದರು. ಮೊದಲೇ ಆನ್ ಮಾಡಿಟ್ಟ ಸ್ವಿಚ್ಚನ್ನು ಒಪ್ಪಿಗೆ ಎಂದು ಕರೆಯುವುದು ಸುಳ್ಳು. ಇದರಲ್ಲಿ ನನಗೆ ಯಾವ ಅನುಮಾನವೂ ಇಲ್ಲ.

ಈಗ ಕೈ ಹಾಕುವ ಕೆಲಸಕ್ಕೆ ಬರೋಣ. ಕಾಕಾ ಫೋನಿನಲ್ಲಿ ಮಾಡಿದ ಮೊದಲ ಕೆಲಸ ಭಾಷೆ ಬದಲಿಸಿದ್ದು. ಸಿಸ್ಟಮ್ ಎಂಬಲ್ಲಿ ಭಾಷೆಗೆ ಹೋಗಿ ಕನ್ನಡ ಹಾಕಿದರೆ ಆಂಡ್ರಾಯ್ಡಿನ ಅನುಮತಿಯ ಪ್ರಶ್ನೆಗಳು ಕನ್ನಡದಲ್ಲೇ ಬರುತ್ತವೆ. ಅಲ್ಲಿಯ ಕನ್ನಡ ಕೆಲವು ಕಡೆ ತೊಡರುತ್ತದೆ, ಆದರೂ ಓದಬಹುದು. ಓದಿ ಒತ್ತುವುದಕ್ಕೂ ಸುಮ್ಮನೆ ಒತ್ತುವುದಕ್ಕೂ ಇರುವ ಅಂತರ ಅಲ್ಲಿಂದಲೇ ಶುರು.

ಆಮೇಲೆ ಲೊಕೇಶನ್. ಸೆಟ್ಟಿಂಗ್ಸ್‌ನಲ್ಲಿ ಲೊಕೇಶನ್ ತೆರೆದು ಆ್ಯಪ್ ಪರ್ಮಿಶನ್ ನೋಡಿದರೆ ಎಲ್ಲ ಆ್ಯಪ್‌ಗಳೂ ಗುಂಪುಗುಂಪಾಗಿ ಕೂತಿರುತ್ತವೆ: ಸದಾಕಾಲ ಅನುಮತಿ ಇರುವವು, ಬಳಸುವಾಗ ಮಾತ್ರ ಇರುವವು, ಇಲ್ಲದವು. 'ಸದಾಕಾಲ'ದ ಗುಂಪನ್ನು ಖಾಲಿ ಮಾಡುವುದೇ ನಿಮ್ಮ ಗುರಿಯಾಗಲಿ. ಆಟೊ, ಟ್ಯಾಕ್ಸಿ, ನಕ್ಷೆ, ಊಟ ತರಿಸುವ ಆ್ಯಪ್‌ಗಳಿಗೆ ಬಳಸುವಾಗ ಮಾತ್ರ ಸಾಕು. ಹವಾಮಾನಕ್ಕೆ, ಪಂಚಾಂಗಕ್ಕೆ 'ನಿಖರ ಸ್ಥಳ' ಎಂಬುದನ್ನೂ ತೆಗೆಯಿರಿ. ಆಗ ಅವಕ್ಕೆ ಸುಮಾರು 3 ಚದರ ಕಿಲೋಮೀಟರಿನ ಅಂದಾಜು ಮಾತ್ರ ಸಿಗುತ್ತದೆ. ನೀವು ಕೇಶ್ವಾಪುರದ ಕಡೆ ಇದ್ದೀರಿ ಎಂದು ತಿಳಿಯುತ್ತದೆ, ಯಾವ ಮನೆ ಎಂದು ತಿಳಿಯುವುದಿಲ್ಲ. ಮಳೆ ಹೇಳಲು ಅಷ್ಟು ಸಾಕು. ಟಾರ್ಚು, ಕ್ಯಾಲ್ಕುಲೇಟರು, ಹಾಡಿನ ಆ್ಯಪ್, ಆಟ ಇವಕ್ಕೆ ಏನೂ ಬೇಡ.

ಅದೇ ಲೊಕೇಶನ್ ಪುಟದಲ್ಲಿ ಲೊಕೇಶನ್ ಸರ್ವಿಸಸ್ ಎಂದು ಇನ್ನೊಂದು ಸಾಲು. ಅದರೊಳಗೆ ವೈಫೈ ಸ್ಕ್ಯಾನಿಂಗ್, ಬ್ಲೂಟೂತ್ ಸ್ಕ್ಯಾನಿಂಗ್. ಇವು ಆನ್ ಇದ್ದರೆ ನೀವು ವೈಫೈ ಆಫ್ ಮಾಡಿದ ಮೇಲೂ ಫೋನು ಸುತ್ತಲಿನ ವೈಫೈಗಳನ್ನು ಹುಡುಕುತ್ತಲೇ ಇರುತ್ತದೆ. ಮೇಲೆ ಹೇಳಿದ ನಕ್ಷೆಯ ಕಥೆ ನೆನಪಿಸಿಕೊಂಡು ಎರಡನ್ನೂ ಆಫ್ ಮಾಡಿ. ಮನೆಯೊಳಗೆ ನಕ್ಷೆಯ ಚುಕ್ಕೆ ಸ್ವಲ್ಪ ಅತ್ತಿತ್ತ ಸರಿಯಬಹುದು, ಅಷ್ಟೇ ನಷ್ಟ.

ಮುಂದೆ ಗೂಗಲ್ ಖಾತೆ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಗೂಗಲ್, ಅಲ್ಲಿಂದ ನಿಮ್ಮ ಖಾತೆ, ಅಲ್ಲಿ ಡೇಟಾ ಆ್ಯಂಡ್ ಪ್ರೈವಸಿ. ವೆಬ್ ಆ್ಯಂಡ್ ಆ್ಯಪ್ ಆ್ಯಕ್ಟಿವಿಟಿ, ಟೈಮ್‌ಲೈನ್ (ಹಿಂದಿನ ಲೊಕೇಶನ್ ಹಿಸ್ಟರಿ), ಯೂಟ್ಯೂಬ್ ಹಿಸ್ಟರಿ ಮೂರೂ ಅಲ್ಲಿ ಸಿಗುತ್ತವೆ. ಆಫ್ ಮಾಡುವಾಗ 'ಹಿಂದಿನದನ್ನೂ ಅಳಿಸಲೇ' ಎಂದು ಕೇಳಿದರೆ ಅಳಿಸಿ. ಹಳೆಯ ಹಾಡು, ಪ್ರವಚನ ಮತ್ತೆ ಸುಲಭವಾಗಿ ಸಿಗಬೇಕೆಂದು ಯೂಟ್ಯೂಬಿನದನ್ನು ಕಾಕಾ ಇಟ್ಟುಕೊಂಡರು. ಅಂಥವರಿಗೆ ಮೂರು ತಿಂಗಳಿಗೊಮ್ಮೆ ತಾನೇ ಅಳಿಸಿಕೊಳ್ಳುವ ಏರ್ಪಾಡೂ ಇದೆ. ಅದೇ ಗೂಗಲ್ ಪುಟದಲ್ಲಿ ಆ್ಯಡ್ಸ್ ಎಂಬಲ್ಲಿ ಅಡ್ವರ್ಟೈಸಿಂಗ್ ಐಡಿಯನ್ನು ಡಿಲೀಟ್ ಮಾಡುವ ಗುಂಡಿ ಇದೆ. ಐಫೋನ್ ಇದ್ದವರಿಗೆ ಪ್ರೈವಸಿ ಆ್ಯಂಡ್ ಸೆಕ್ಯುರಿಟಿಯಲ್ಲಿ ಟ್ರ್ಯಾಕಿಂಗ್ ಎಂಬ ಒಂದು ಸ್ವಿಚ್. 2021ರ ಏಪ್ರಿಲ್‌ನಿಂದ ಐಫೋನಿನಲ್ಲಿ ಆ್ಯಪ್‌ಗಳು ಬೇರೆಡೆ ಹಿಂಬಾಲಿಸುವ ಮೊದಲು ಕೇಳಲೇಬೇಕು, ಆ ಸ್ವಿಚ್ ಆಫ್ ಇದ್ದರೆ ಕೇಳುವ ಹಾಗೂ ಇಲ್ಲ.

ಫೋನು ಮಾಡಿದ ಕಂಪನಿಯದೇ ಸೇವೆಗಳು ಹೆಚ್ಚು ತಾಪತ್ರಯದವು, ಏಕೆಂದರೆ ಪ್ರತಿ ಬ್ರ್ಯಾಂಡೂ ಬೇರೆ ಜಾಗದಲ್ಲಿ ಬೇರೆ ಹೆಸರಿನಲ್ಲಿ ಇಟ್ಟಿರುತ್ತದೆ. ಶಿಯೋಮಿ ಫೋನುಗಳಲ್ಲಿ ಎಂಎಸ್‌ಎ ಎಂಬ ಜಾಹೀರಾತು ಸೇವೆ, ಅದನ್ನು ಅನುಮತಿ ಹಿಂತೆಗೆಯುವ ಪುಟದಲ್ಲಿ ಆಫ್ ಮಾಡಬೇಕು. ಆಫ್ ಒತ್ತಿದರೂ ಕೆಲವೊಮ್ಮೆ ಮತ್ತೆ ಆನ್‌ಗೇ ಬರುತ್ತದೆ, ಬಿಡದೆ ಒತ್ತಬೇಕು. ಸ್ಯಾಮ್ಸಂಗ್‌ನಲ್ಲಿ ಕಸ್ಟಮೈಸೇಶನ್ ಸರ್ವಿಸ್. ನಿಮ್ಮ ಫೋನಿನಲ್ಲಿ ಹೆಸರು ಏನೇ ಇರಲಿ, ಸೆಟ್ಟಿಂಗ್ಸ್‌ನ ಮೇಲಿರುವ ಹುಡುಕುವ ಪಟ್ಟಿಯಲ್ಲಿ ಇಂಗ್ಲಿಷಿನ 'ಪರ್ಸನಲೈಸ್', 'ಯೂಸೇಜ್', 'ರೆಕಮೆಂಡೇಶನ್' ಪದಗಳನ್ನು ಒಂದೊಂದಾಗಿ ಹಾಕಿ ನೋಡಿ, ಅಡಗಿದ್ದವು ಹೊರಗೆ ಬರುತ್ತವೆ. ಜೊತೆಗೇ ಬಂದ, ತೆಗೆಯಲಾಗದ ಆ್ಯಪ್‌ಗಳಿಗೆ 'ಡಿಸೇಬಲ್' ಇರುತ್ತದೆ. ಬಳಸಬೇಕು, ಆದರೆ ಹಿಂದೆ ಓಡಬಾರದು ಎನ್ನುವ ಆ್ಯಪಿಗೆ ಅದರ ಮೊಬೈಲ್ ಡೇಟಾ ಪುಟದಲ್ಲಿ ಬ್ಯಾಕ್‌ಗ್ರೌಂಡ್ ಡೇಟಾ ಆಫ್ ಮಾಡಬಹುದು. ಆರು ತಿಂಗಳಿಂದ ಮುಟ್ಟದ ಆ್ಯಪನ್ನು ಕಿತ್ತುಹಾಕುವುದು ಎಲ್ಲಕ್ಕಿಂತ ಒಳ್ಳೆಯದು. ಹಾಗೆಂದು 'ಕ್ಲೀನರ್', 'ಬೂಸ್ಟರ್' ಎಂದು ಬರುವ ಆ್ಯಪ್‌ಗಳನ್ನು ಇದಕ್ಕೆ ನಂಬಬೇಡಿ. ಅವು ಕೇಳುವ ಅನುಮತಿಗಳೇ ಜಾಸ್ತಿ.

ಆಫ್ ಮಾಡಬಾರದವೂ ಇವೆ. ಗೂಗಲ್ ಪ್ಲೇ ಸರ್ವಿಸಸ್ ನಿಲ್ಲಿಸಿದರೆ ಬ್ಯಾಂಕಿನ ಆ್ಯಪ್, ಯುಪಿಐ ಮುಗ್ಗರಿಸುತ್ತವೆ. ಕಳೆದ ಫೋನು ಹುಡುಕುವ ಸೇವೆ ಆನ್ ಇರಲಿ, ಮರೆವಿನ ಹಿರಿಯರಿಗೆ ಅದು ಬೇಕೇ ಬೇಕು. ಕೆಲವು ಯುಪಿಐ ಆ್ಯಪ್‌ಗಳು ಲೊಕೇಶನ್ ಇಲ್ಲದೆ ಮುಂದೆ ಹೋಗುವುದೇ ಇಲ್ಲ, ಬಳಸುವಾಗ ಮಾತ್ರ ಎಂದು ಕೊಡಿ. ಇಷ್ಟೆಲ್ಲ ಮಾಡಿದ ಮೇಲೂ ಸಿಮ್ ಇರುವಷ್ಟು ಕಾಲ ಯಾವ ಟವರಿನ ಕೆಳಗಿದ್ದೀರಿ ಎಂಬುದು ಮೊಬೈಲ್ ಕಂಪನಿಗೆ ಗೊತ್ತೇ ಇರುತ್ತದೆ. ಅದಕ್ಕೆ ಸ್ವಿಚ್ಚಿಲ್ಲ.

ಸಾಲದ ಆ್ಯಪ್‌ಗಳ ವಿಷಯ ಬೇರೆಯಾಗಿ ಹೇಳಬೇಕು. ಫೋನಿನ ಕಾಂಟ್ಯಾಕ್ಟ್ ಪಟ್ಟಿ ಎತ್ತಿಕೊಂಡು ಬಂಧುಬಳಗಕ್ಕೆಲ್ಲ ಫೋನು ಮಾಡಿ ಮಾನ ಕಳೆದ ಪ್ರಕರಣಗಳು ನಮ್ಮಲ್ಲೂ ನಡೆದಿವೆ. 2022ರ ಸೆಪ್ಟೆಂಬರ್‌ನಲ್ಲಿ ರಿಸರ್ವ್ ಬ್ಯಾಂಕು ಸಾಲದ ಆ್ಯಪ್‌ಗಳು ಕಾಂಟ್ಯಾಕ್ಟ್, ಕಾಲ್ ಪಟ್ಟಿ, ಫೈಲುಗಳನ್ನು ಮುಟ್ಟಬಾರದು ಎಂದು ವಿಧಿಸಿದೆ. 2023ರ ಮೇ ಕೊನೆಯಿಂದ ಗೂಗಲ್ ಪ್ಲೇ ಕೂಡ ಫೋಟೋ, ಕಾಂಟ್ಯಾಕ್ಟ್ ಮುಟ್ಟುವುದನ್ನು ನಿಷೇಧಿಸಿದೆ. ಸಾಲ ಕೊಡುವ ಆ್ಯಪ್ ಕಾಂಟ್ಯಾಕ್ಟ್ ಕೇಳಿದರೆ ಅದು ನಿಯಮ ಮುರಿದಂತೆಯೇ. ವಾಟ್ಸ್‌ಆ್ಯಪಿನಲ್ಲಿ ಮದುವೆ ಕರೆಯೋಲೆ ಎಂದೋ ಟ್ರಾಫಿಕ್ ಚಲನ್ ಎಂದೋ ಬರುವ ಎಪಿಕೆ ಫೈಲನ್ನಂತೂ ಮುಟ್ಟಲೇಬೇಡಿ. ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಇನ್ನೊಂದು ಹಿಂಬಾಲಿಕೆ ಮನೆಯೊಳಗಿನದು, ಇದರ ಬಗ್ಗೆ ನಾವು ಮಾತಾಡುವುದು ಕಡಿಮೆ. ಗಂಡ ಹೆಂಡತಿಯ ಫೋನಿಗೆ, ಅಣ್ಣ ತಂಗಿಯ ಫೋನಿಗೆ ಗುಟ್ಟಾಗಿ ಆ್ಯಪ್ ಹಾಕಿ ಎಲ್ಲಿದ್ದಾಳೆ ಎಂದು ನೋಡುವುದು. ಇವು ಸಾಮಾನ್ಯವಾಗಿ ಅಡಗುವುದು ಆ್ಯಕ್ಸೆಸಿಬಿಲಿಟಿ, ಡಿವೈಸ್ ಅಡ್ಮಿನ್, ನೋಟಿಫಿಕೇಶನ್ ಆ್ಯಕ್ಸೆಸ್ ಎಂಬ ವಿಶೇಷ ಅನುಮತಿಗಳಲ್ಲಿ. ಅಲ್ಲಿ ನಿಮಗೆ ಗೊತ್ತಿಲ್ಲದ ಹೆಸರು ಇದ್ದರೆ ಅನುಮಾನಪಡಬೇಕು. ಆದರೆ ಮನೆಯಲ್ಲಿ ಹೊಡೆತ ಬಡಿತದ ಭಯ ಇರುವವರು ಅದನ್ನು ತಟ್ಟನೆ ಕಿತ್ತುಹಾಕಬೇಡಿ. ಕಿತ್ತದ್ದು ಆ ಕಡೆಯವರಿಗೆ ತಿಳಿಯುತ್ತದೆ. ಮೊದಲು ಬೇರೆಯವರ ಫೋನಿನಿಂದ 181 ಮಹಿಳಾ ಸಹಾಯವಾಣಿಗೆ ಮಾತಾಡಿ, ಸುರಕ್ಷಿತ ಜಾಗ ನೋಡಿಕೊಂಡು ಮುಂದಿನ ಹೆಜ್ಜೆ ಇಡಿ.

ಕಂಪನಿಗಳನ್ನು ಮಾತ್ರ ದೂರಿ ಸರ್ಕಾರವನ್ನು ಬಿಟ್ಟರೆ ಅರ್ಧ ಹೇಳಿದಂತೆ. 2020ರ ಮಾರ್ಚ್ ಕೊನೆಯ ವಾರ ನೆನಪಿದೆಯೇ? ಮನೆಯಲ್ಲೇ ಕ್ವಾರಂಟೈನ್ ಆದವರು ಬೆಳಗ್ಗೆ 7ರಿಂದ ರಾತ್ರಿ 10ರವರೆಗೆ ಗಂಟೆಗೊಂದು ಸೆಲ್ಫಿ ಕಳಿಸಬೇಕೆಂದು ಕರ್ನಾಟಕ ಸರ್ಕಾರ 'ಕ್ವಾರಂಟೈನ್ ವಾಚ್' ಆ್ಯಪ್ ತಂದಿತ್ತು. ಸೆಲ್ಫಿಯ ಜೊತೆ ಜಾಗದ ಗುರುತೂ ಹೋಗುತ್ತಿತ್ತು. ಕೆಲವೇ ದಿನಗಳಲ್ಲಿ ಕೇಂದ್ರದ ಆರೋಗ್ಯ ಸೇತು ಬಂತು, ಬ್ಲೂಟೂತ್ ಮತ್ತು ಜಿಪಿಎಸ್ ಎರಡನ್ನೂ ಬಳಸುವಂಥದ್ದು. ಅದು ಮಹಾಮಾರಿಯ ಕಾಲ, ಹೆದರಿಕೆ ನಿಜವಾಗಿತ್ತು. ಆದರೂ ಬೆಂಗಳೂರಿನ ಅನಿವರ್ ಅರವಿಂದ್ ಆರೋಗ್ಯ ಸೇತುವನ್ನು ಪ್ರಶ್ನಿಸಿ ನಮ್ಮ ಹೈಕೋರ್ಟಿಗೆ ಹೋದರು. 2021ರ ಜನವರಿ 25ರಂದು ಮುಖ್ಯ ನ್ಯಾಯಮೂರ್ತಿ ಅಭಯ್ ಎಸ್. ಓಕಾ ಅವರಿದ್ದ ಪೀಠ, ಬಳಕೆದಾರರ ತಿಳಿವಳಿಕೆಯ ಒಪ್ಪಿಗೆ ಇಲ್ಲದೆ ಆರೋಗ್ಯ ಸೇತುವಿನ ಮಾಹಿತಿಯನ್ನು ಬೇರೆ ಇಲಾಖೆಗಳಿಗೆ ಹಂಚಕೂಡದು ಎಂದು ಮಧ್ಯಂತರ ಆದೇಶ ಕೊಟ್ಟಿತು. ಅದೇ ಓಕಾ ಅವರು ಸುಪ್ರೀಂ ಕೋರ್ಟಿಗೆ ಹೋದ ಮೇಲೆ, 2024ರ ಜುಲೈ 8ರಂದು, ನ್ಯಾಯಮೂರ್ತಿ ಉಜ್ಜಲ್ ಭುಯಾನ್ ಅವರ ಜೊತೆ ಕೂತು ಇನ್ನೊಂದು ತೀರ್ಪು ನೀಡಿದರು. ಜಾಮೀನು ಪಡೆದವನು ತನ್ನ ಗೂಗಲ್ ಮ್ಯಾಪ್ಸ್ ಪಿನ್ನನ್ನು ತನಿಖಾಧಿಕಾರಿಗೆ ಹಂಚಬೇಕೆಂಬ ಷರತ್ತನ್ನು ಅದು ರದ್ದು ಮಾಡಿತು. ಅಪರಾಧದ ಆರೋಪ ಹೊತ್ತವನ ಹಿಂದೆಯೂ ಸದಾ ಫೋನು ಬಿಡಬಾರದು ಎಂದಾದರೆ, ಪಂಚಾಂಗ ನೋಡುವ ಮನುಷ್ಯನ ಹಿಂದೆ ಬಿಡಲು ಯಾರಿಗೆ ಅಧಿಕಾರ?

ಈ ಎಲ್ಲ ತೀರ್ಪುಗಳ ಬೇರು ಕೂಡ ಕನ್ನಡ ನೆಲದ್ದೇ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ ಆಧಾರ್ ಪ್ರಶ್ನಿಸಿ ಅರ್ಜಿ ಹಾಕಿದಾಗ ಅವರ ವಯಸ್ಸು 86. ಅವರ ಹೆಸರಿನ ಪ್ರಕರಣದಲ್ಲೇ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕು ಎಂದರು. ಪುಟ್ಟಸ್ವಾಮಿ 2024ರ ಅಕ್ಟೋಬರ್‌ನಲ್ಲಿ ತೀರಿಕೊಂಡರು. ವಯಸ್ಸಾದವರಿಗೆ ಇದೆಲ್ಲ ಯಾಕೆ ಎನ್ನುವ ಮಕ್ಕಳಿಗೆ ನಾನು ಅವರ ವಯಸ್ಸನ್ನೇ ಹೇಳುತ್ತೇನೆ.

ಜನ ದನಿ ಎತ್ತಿದರೆ ಕೆಲಸ ಆಗುತ್ತದೆ ಎಂಬುದಕ್ಕೂ ಈಚಿನ ನಿದರ್ಶನವಿದೆ. 2025ರ ನವೆಂಬರ್ 28ರಂದು ಕೇಂದ್ರದ ದೂರಸಂಪರ್ಕ ಇಲಾಖೆ ಎಲ್ಲ ಹೊಸ ಫೋನುಗಳಲ್ಲೂ ಸಂಚಾರ್ ಸಾಥಿ ಆ್ಯಪ್ ಮೊದಲೇ ಇರಬೇಕೆಂದು ತಯಾರಕರಿಗೆ ಸೂಚಿಸಿತ್ತು. ಕಳೆದ ಫೋನು ತಡೆಹಿಡಿಯಲು ಅದು ಒಳ್ಳೆಯ ಆ್ಯಪೇ. ಆದರೆ ಅದು ಕಡ್ಡಾಯವೆಂಬುದಕ್ಕೆ ದೇಶದೆಲ್ಲೆಡೆ ವಿರೋಧ ಬಂದು, ಡಿಸೆಂಬರ್ 3ರಂದು ಆ ಸೂಚನೆ ಹಿಂದಕ್ಕೆ ಹೋಯಿತು. ಬೇಕಾದವರು ಹಾಕಿಕೊಳ್ಳಲಿ ಎಂಬಲ್ಲಿಗೆ ಬಂದು ನಿಂತಿದ್ದು ಸರಿಯಾಗಿಯೇ ಇದೆ.

ಕಾನೂನು ಬಂದಿದೆ, ಪೂರ್ತಿ ಬಂದಿಲ್ಲ. 2023ರ ಆಗಸ್ಟ್‌ನ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಗೆ 2025ರ ನವೆಂಬರ್‌ನಲ್ಲಿ ನಿಯಮಗಳು ಬಂದವು. ಕಂಪನಿಗಳ ಮೇಲಿನ ಮುಖ್ಯ ಹೊಣೆಗಳು ಜಾರಿಗೆ ಬರಲು ಅಲ್ಲಿಂದ 18 ತಿಂಗಳು, ಅಂದರೆ 2027ರ ಮೇ ತಿಂಗಳು. ಕಾಯ್ದೆಯ ಮಾತು ಚೆನ್ನಾಗಿದೆ. ಒಪ್ಪಿಗೆ ಸ್ವಇಚ್ಛೆಯದಾಗಿರಬೇಕು, ಯಾವುದಕ್ಕೆ ಎಂದು ತಿಳಿದು ಕೊಟ್ಟದ್ದಾಗಿರಬೇಕು. ಕೊಟ್ಟಷ್ಟೇ ಸುಲಭವಾಗಿ ಹಿಂದಕ್ಕೆ ಪಡೆಯುವಂತಿರಬೇಕು. ಸಂವಿಧಾನದ ಎಂಟನೇ ಅನುಸೂಚಿಯ ಯಾವುದೇ ಭಾಷೆಯಲ್ಲಿ, ಎಂದರೆ ಕನ್ನಡದಲ್ಲೂ, ಓದುವ ಆಯ್ಕೆ ಕೊಡಬೇಕು. 18 ವರ್ಷದೊಳಗಿನ ಮಕ್ಕಳನ್ನು ಹಿಂಬಾಲಿಸಿ ಜಾಹೀರಾತು ತೋರಿಸಕೂಡದು. ದಂಡ 250 ಕೋಟಿ ರೂಪಾಯಿವರೆಗೆ. ದಂಡದ ಹಣ ಮಾಹಿತಿ ಕಳೆದುಕೊಂಡವರಿಗೆ ಸಿಗುವುದಿಲ್ಲ, ಸರ್ಕಾರ ತನ್ನ ಸಂಸ್ಥೆಗಳಿಗೆ ವಿಶಾಲವಾದ ವಿನಾಯಿತಿ ಇಟ್ಟುಕೊಂಡಿದೆ ಎಂಬ ಎರಡು ಕೊರತೆಗಳು ನನ್ನ ಮಟ್ಟಿಗೆ ದೊಡ್ಡವು. ಆದರೂ ಕನ್ನಡದಲ್ಲಿ ಓದುವ ಹಕ್ಕನ್ನು ಬಿಡದೆ ಕೇಳಬೇಕು. ಬ್ಯಾಂಕಿನ ಆ್ಯಪ್ ಆಗಲಿ, ಹೆಸ್ಕಾಂ ಬಿಲ್ ಕಟ್ಟುವ ಆ್ಯಪ್ ಆಗಲಿ, ಒಪ್ಪಿಗೆಯ ಪುಟ ಇಂಗ್ಲಿಷಿನಲ್ಲಷ್ಟೇ ಬಂದರೆ ಕನ್ನಡದ್ದು ಎಲ್ಲಿ ಎಂದು ಬರೆದು ಕೇಳಬೇಕು.

ಅಲ್ಲಿಯವರೆಗೆ ಮೊಬೈಲ್ ಅಂಗಡಿಗಳ ಗೆಳೆಯರಲ್ಲಿ ಒಂದು ವಿನಂತಿ. ಹೊಸ ಫೋನಿನ ಮೊದಲ ಪುಟದಲ್ಲೇ ಕನ್ನಡ ಆಯ್ದು ಫೋನನ್ನು ಗಿರಾಕಿಯ ಕೈಗೆ ಕೊಡಿ. 'ಇದನ್ನ ಕೇಳಾಕತ್ತೈತ್ರಿ, ಕೊಡೋಣೇನು?' ಎಂದು ಒಂದು ಮಾತು ಕೇಳಿ, ಬೇಡ ಅಂದರೆ ಆಫ್ ಮಾಡಿ. ಅದಕ್ಕೆ ಹತ್ತು ನಿಮಿಷ ಹೆಚ್ಚು ಹಿಡಿಯಬಹುದು. ಊರು ಬಿಟ್ಟು ದುಡಿಯುವ ಮಕ್ಕಳಲ್ಲಿ ಇನ್ನೊಂದು. ಮುಂದಿನ ಸಲ ಹುಬ್ಬಳ್ಳಿಗೆ ಬಂದಾಗ ಅಪ್ಪ ಅಮ್ಮನ ಫೋನನ್ನು ಕಸಿದುಕೊಂಡು ನೀವೇ ಸರಿ ಮಾಡಿಬಿಡಬೇಡಿ. ಪಕ್ಕದಲ್ಲಿ ಕೂತು ಪ್ರೈವಸಿ ಡ್ಯಾಶ್‌ಬೋರ್ಡ್ ತೆರೆದು ತೋರಿಸಿ, ಯಾವುದು ಬೇಕು ಯಾವುದು ಬೇಡ ಎಂದು ಅವರನ್ನು ಕೇಳಿ, ಸ್ವಿಚ್ಚನ್ನು ಅವರ ಬೆರಳಿನಿಂದಲೇ ಒತ್ತಿಸಿ.